ಬೇರು ಕತ್ತರಿಸದ ಹರಿವೆ

ಬೆಳಗಿನ ಐದೂಮುಕ್ಕಾಲು. ಪಾಣೆಮಂಗಳೂರಿನ ಹೊಳೆದಡದಲ್ಲಿ ಆಯಿಶಮ್ಮ ಕುಕ್ಕರಗಾಲಲ್ಲಿ ಕುಳಿತು ಹರಿವೆ ಸೊಪ್ಪು ಕೀಳುತ್ತಿದ್ದಾರೆ. ಬುಡ ಹಿಡಿದು, ತುಸು ತಿರುಗಿಸಿ, ಬೇರು ಸಮೇತ. ಒಮ್ಮೆ ಅಂಗೈಗೆ ತಟ್ಟಿ ಬಾಳೆನಾರಿನಲ್ಲಿ ಕಟ್ಟುತ್ತಾರೆ. "ಪೂರ್ತಿ ತೊಳೆಯಬಾರದು. ಬೇರಲ್ಲಿ ಸ್ವಲ್ಪ ಮಣ್ಣು ಇದ್ರೆ ಸಂಜೆವರೆಗೆ ಬಾಡುವುದಿಲ್ಲ. ಇವತ್ತು ಕಿತ್ತದ್ದು ಅಂತ ನೋಡಿದವರಿಗೂ ಗೊತ್ತಾಗ್ತದೆ."

ವಯಸ್ಸು ಐವತ್ತೆಂಟು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಅರುವತ್ತು ಕಟ್ಟು ಸೊಪ್ಪು, ಹೊಳೆಯಿಂದ ಎಂಬತ್ತು ಕೊಡ ನೀರು. ನೆರೆ ಬಂದರೆ ಸಾಲುಗಳೆಲ್ಲ ಮುಳುಗುತ್ತವೆ. ನೀರಿಳಿದ ಮೇಲೆ ಕೆಸರು ಸಮ ಮಾಡಿ ಮತ್ತೆ ಬೀಜ ಚೆಲ್ಲುತ್ತಾರೆ.

ಈ ಸೊಪ್ಪಿನ ಮುಕ್ಕಾಲು ಪಾಲು ಮೊನ್ನೆಮೊನ್ನೆಯವರೆಗೆ ಹೋಗುತ್ತಿದ್ದುದು ಒಂದು ಹೈಡ್ರೋಪೋನಿಕ್ಸ್ ಶೆಡ್ಡಿಗೆ! ಮಣ್ಣಿಲ್ಲದೆ, ಪೈಪಿನಲ್ಲಿ ಹರಿಯುವ ಗೊಬ್ಬರದ ನೀರಿನಲ್ಲಿ ಸೊಪ್ಪು ಬೆಳೆಯುವ ಜಾಗ ಅದು. ಮೇ ತಿಂಗಳ ಗಾಳಿಮಳೆಗೆ ಕಂಬ ಬಿದ್ದು ಒಂದು ಹಗಲು ಕರೆಂಟಿರಲಿಲ್ಲ. ಪಂಪು ನಿಂತು, ಸಂಜೆಗೆ ಗಿಡಗಳೆಲ್ಲ ಕುಸಿದವು. ಮರುದಿನವೇ ಅಲ್ಲಿನ ಮೇಲ್ವಿಚಾರಕ ಸೃಜನ್ ಆಯಿಶಮ್ಮನ ಕಟ್ಟುಗಳನ್ನು ಒಯ್ದರು. ಬೇರು ಕತ್ತರಿಸಿ ತಮ್ಮ ಪ್ಯಾಕೆಟ್ಟಿಗೆ ತುಂಬಿಸಿದರು. ಪ್ಯಾಕೆಟ್ಟಿನ ಮೇಲಿನ ಅಕ್ಷರ: 'ಮಣ್ಣು ಸೋಕದ ಶುದ್ಧ ಸೊಪ್ಪು'. ಪೈಪಿನಲ್ಲಿ ಹೊಸ ಗಿಡ ಬಂದ ಮೇಲೂ ಈ ವ್ಯವಹಾರ ನಿಲ್ಲಲಿಲ್ಲ.

ತನ್ನ ಸೊಪ್ಪು ಈ ಹೆಸರಿನಲ್ಲಿ ಮಾರಾಟವಾಗುತ್ತಿದೆ ಎಂದು ಆಯಿಶಮ್ಮನಿಗೆ ತಿಳಿದದ್ದು ಯಾರೋ ಗಿರಾಕಿ ದೂರು ಕೊಟ್ಟಾಗ. ಸೃಜನ್ ಪ್ಯಾಕೆಟ್ ಹಿಡಿದುಕೊಂಡೇ ಬಂದರಂತೆ.

"ಎಂತ ಆಯಿಶಮ್ಮ, ಇದರಲ್ಲಿ ಮಣ್ಣು ಸಿಕ್ಕಿತಂತೆ! ಇನ್ನು ನೀವೇ ಬೇರು ಕತ್ತರಿಸಿ, ಮೂರು ಸಲ ತೊಳೆದು ಕೊಡಿ. ನಮ್ಮ ಹೆಸರು ಹಾಳಾಗ್ತದೆ."

"ಮಣ್ಣಲ್ಲಿ ಬೆಳೆದದ್ದರಲ್ಲಿ ಮಣ್ಣಲ್ಲದೆ ಬಂಗಾರ ಸಿಗ್ತದಾ ಮಾರಾಯ?"

ನೀರಿನಲ್ಲಿ ಬೆಳೆಯುವುದು ತಪ್ಪಲ್ಲ. ಜಾಗ ಕಡಿಮೆ ಸಾಕು, ನೀರೂ ಉಳಿಯುತ್ತದೆ ಎನ್ನುತ್ತಾರೆ. ಆ ವಿದ್ಯೆಯನ್ನು ಅಳೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಈ ಹೆಂಗಸಿನ ಮಣ್ಣಿನಿಂದ ಹೊಟ್ಟೆ ತುಂಬಿಸಿಕೊಂಡು, ಅದೇ ಮಣ್ಣನ್ನು ಕೊಳಕು ಮಾಡಿ ತೋರಿಸುವುದು ಯಾವ ವಿಜ್ಞಾನ? 'ಶುದ್ಧ' ಎಂಬ ಮಾತನ್ನು ನಂಬಿ ಎರಡು ತಿಂಗಳು ನಾನೂ ಆ ಪ್ಯಾಕೆಟ್ ಕೊಂಡಿದ್ದೇನೆ. ಒಮ್ಮೆಯೂ ಪ್ರಶ್ನಿಸಲಿಲ್ಲ. ಸೃಜನ್ ಅವರನ್ನು ಕೇಳಿದರೆ, "ಜನರಿಗೆ ಬೇಕಾದದ್ದು ಪ್ಯಾಕೆಟ್" ಎಂದರು.

ಶೆಡ್ಡಿಗೆ ಕೊಡುವುದನ್ನು ಆಯಿಶಮ್ಮ ನಿಲ್ಲಿಸಿದ್ದಾರೆ. ಈಗ ಸೇತುವೆಯ ಬದಿಯಲ್ಲಿ ಬುಟ್ಟಿ ಇಟ್ಟು ಕೂರುತ್ತಾರೆ. ಅರುವತ್ತು ಕಟ್ಟಿನಲ್ಲಿ ಇಪ್ಪತ್ತಾದರೂ ಉಳಿದು ಮನೆಯ ಆಡುಗಳ ಪಾಲಾಗುತ್ತವೆ. "ಸೃಜನಣ್ಣ ಬರಲಿ, ಈಗಲೂ ಕೊಡ್ತೇನೆ. ಇದ್ದ ಹಾಗೆ ಮಾರುವುದಾದ್ರೆ ಮಾತ್ರ."

ಸ್ಕೂಟರ್ ನಿಲ್ಲಿಸಿದ ಒಬ್ಬರು ಎರಡು ಕಟ್ಟು ಆರಿಸಿ, "ಬೇರು ಕತ್ತರಿಸಿ ಕೊಡ್ತೀರಾ?" ಎಂದು ಕೇಳುತ್ತಾರೆ. ಆಯಿಶಮ್ಮ ಕಟ್ಟುಗಳನ್ನು ಹಾಗೆಯೇ ಅವರ ಚೀಲಕ್ಕೆ ಇಳಿಸುತ್ತಾರೆ.

"ಮನೆಗೆ ಹೋಗಿ ಕತ್ತರಿಸಿ. ಇಲ್ಲಿಂದ ಹೋಗುವಾಗ ಅದು ನಾನು ಬೆಳೆದದ್ದು ಅಂತ ಕಾಣಬೇಕು."