ಬಾಕಿ ಉಳಿದ ನೀಲಿ

ಡಿಪೋದಲ್ಲಿ ಅವನಿಗೆ ಗೂಬೆ ಎಂದೇ ಹೆಸರು. ಹಗಲೆಲ್ಲ ಬಸ್ಸು ಓಡಿಸಿ, ಕತ್ತಲಾದ ಮೇಲೆ ಹಿತ್ತಲಿನ ಸಿಮೆಂಟು ಕಂಬದ ಮೇಲೆ ದೂರದರ್ಶಕ ಕೂರಿಸಿ ನೀಹಾರಿಕೆಗಳ ಫೋಟೋ ತೆಗೆಯುವವನಿಗೆ ಬೇರೆ ಹೆಸರು ಯಾರಿಟ್ಟಾರು?

“ಏನೋ ಗೂಬೆ, ನಿನ್ನೆ ಯಾವ ಚುಕ್ಕಿ ಬಲೆಗೆ ಬಿತ್ತು?”

“ಕಣ್ಣಿಗೆ ನಿದ್ದೆ ಬಿತ್ತು ಕಣೋ” ಎನ್ನುತ್ತಿದ್ದ.

ಅವನ ಬಳಿ ಎರಡು ಫಿಲ್ಟರ್‌ಗಳಿದ್ದವು. ಒಂದು ಜಲಜನಕದ ಕೆಂಪು ಬೆಳಕನ್ನಷ್ಟೇ ಒಳಗೆ ಬಿಡುವುದು, ಇನ್ನೊಂದು ಆಮ್ಲಜನಕದ ಹಸಿರುನೀಲಿಯನ್ನು. ಎರಡನ್ನೂ ಬೇರೆಬೇರೆ ಹಿಡಿದು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಈ ಸಲ ಹಿಡಿದ ನೀಹಾರಿಕೆಯ ಕೆಂಪು ಚಳಿಗಾಲದಲ್ಲೇ ಮುಗಿದಿತ್ತು. ನೀಲಿಗೆ ಉಳಿದದ್ದು ಇದೊಂದೇ ಸಂಜೆ. ಬೆಳಗಾದರೆ ಗಾರೆ ಮೇಸ್ತ್ರಿ ಬಂದು ಕಂಬ ಒಡೆದು ಪಾಯ ತೋಡುತ್ತಾನೆ; ಮೆಟ್ಟಿಲು ಹತ್ತಲಾಗದ ಅತ್ತೆಗೆ ಅಲ್ಲೊಂದು ಕೋಣೆ ಆಗಬೇಕು. ಹಾಗೆಂದು ಮೊದಲು ಹೇಳಿದವನೂ ಅವನೇ.

ಅಂದು ಎರಡು ಪಾಳಿ ದುಡಿದು ಸೊಂಟ ಬಿದ್ದುಹೋಗಿತ್ತು. ಫಿಲ್ಟರ್ ಬದಲಿಸಿ, ಕ್ಯಾಮೆರಾ ಚಾಲೂ ಮಾಡಿ ಕಲ್ಲಿನ ಮೇಲೆ ಕುಕ್ಕರಿಸಿದ.

“ಅದೇನು ಒಲೆ ಮೇಲಿರೋ ಹಾಲೇನ್ರೀ, ಉಕ್ಕುತ್ತೆ ಅಂತ ಕಾಯ್ತಾ ಕೂರೋಕೆ? ಒಳಗೆ ಬನ್ನಿ” ಎಂದಳು ಹೆಂಡತಿ.

ನೀಹಾರಿಕೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಮರೆಯಾದ ಮೇಲೆಯೇ ಅವನು ಎದ್ದದ್ದು. ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ನಕ್ಷತ್ರವೂ ಊದಿದ ಪುರಿಯಂತೆ! ಫಿಲ್ಟರ್ ಬದಲಿಸಿದಾಗ ಫೋಕಸ್ ಮತ್ತೆ ಹೊಂದಿಸಬೇಕೆಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ದಣಿದ ಕೈ ಮರೆತಿತ್ತು.

ಆದರೂ ಎರಡನ್ನೂ ಕೂಡಿಸಿದ. ಆಕಾರವೆಲ್ಲ ಕೆಂಪಿನಿಂದ, ಮಸುಕಾದ ನೀಲಿಯಿಂದ ಬರೀ ಬಣ್ಣ.

“ಅಯ್ಯೋ, ಎಷ್ಟು ಚೆನ್ನಾಗಿದೆ!” ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು.

“ನೀಲಿ ಮಸುಕಾಗಿದೆ. ಮೇಲೆ ಬಳಿದಿದ್ದೀನಿ ಅಷ್ಟೆ.”

“ನೋಡೋರಿಗೆ ಗೊತ್ತಾಗುತ್ತಾ?”

“ನನಗೆ ಗೊತ್ತಲ್ಲ.”

“ಮೇಸ್ತ್ರಿಗೆ ನಾಡಿದ್ದು ಬಾ ಅನ್ನಲಾ? ಅಮ್ಮ ಒಂದು ದಿನ ತಡೀತಾಳೆ” ಎಂದಳು.

ನಾಳೆಯೂ ಆ ಸ್ಟೀರಿಂಗು, ಆಮೇಲೆ ಮತ್ತೆ ಈ ಕಲ್ಲು. ನೆನೆಸಿಕೊಂಡೇ ಮೈ ಭಾರವಾಯಿತು.

“ಬೇಡ, ಬರಲಿ” ಎಂದು ದೂರದರ್ಶಕ ಬಿಚ್ಚಲು ಸ್ಪ್ಯಾನರ್ ಹುಡುಕಿಕೊಂಡು ಹಿತ್ತಲಿಗೆ ಹೊರಟ.

“ಈಗ್ಯಾಕೆ? ಬೆಳಿಗ್ಗೆ ಬಿಚ್ಚಿದ್ರಾಯ್ತಲ್ರೀ.”

“ನಿದ್ದೆ ಮಾಡಿ ಎದ್ರೆ ಮನಸ್ಸು ಬದಲಾಗುತ್ತೆ ಕಣೆ. ಸ್ವಲ್ಪ ಟಾರ್ಚ್ ಹಿಡಿ.”