ಮಗನ ಕಥೆ ಹೇಳುತ್ತಿದ್ದ ಅಕ್ಕ

ನನ್ನ ಮಗಳ ಕೈಗಳನ್ನು ಮೊದಲು ಸರಿಯಾಗಿ ನೋಡಿದವಳು ನಾನಲ್ಲ. ಬ್ಲೌಸ್ ಹೊಲಿಸಲು ಬಂದಿದ್ದ, ಅಲ್ಲಿಯವರೆಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸು.

ಚನ್ನಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ನಮ್ಮ ಯಜಮಾನರು ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಬೆಳಗಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುತ್ತಿದ್ದರು. ಒಬ್ಬಳೇ ಮಗಳು. ಒಂಬತ್ತನೇ ತರಗತಿಯ ಅರ್ಧದವರೆಗೂ ಥ್ರೋಬಾಲ್ ಆಡಿಕೊಂಡು, ಮೊಣಕೈ ತರಚಿಕೊಂಡು, ಮಣ್ಣುಗಾಲಿನಲ್ಲೇ ಒಳಗೆ ಬಂದು ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಅಂಥವಳು ಬಾಗಿಲ ಚಿಲಕವನ್ನು ಬರಿಗೈಯಲ್ಲಿ ಮುಟ್ಟುವುದನ್ನು ಬಿಟ್ಟಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ತೆಗೆಯುತ್ತಿದ್ದಳು. ಬಚ್ಚಲಿಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಒಳಗಿಂದ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಹೊರಗೆ ಬಂದವಳು ನನ್ನ ಪಕ್ಕ ನಿಂತು ಕೇಳುತ್ತಿದ್ದಳು: "ಅಮ್ಮ, ನನ್ನಿಂದ ಯಾರ್ಗೂ ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ, ಹೋಗು."

ಹೋಗಿ ಮತ್ತೆ ಬರುತ್ತಿದ್ದಳು. ಮತ್ತೆ ಅದೇ ಪ್ರಶ್ನೆ. ತಾನು ಮುಟ್ಟಿದ ತಟ್ಟೆಯಲ್ಲಿ ಅಪ್ಪ ಊಟ ಮಾಡಿದರೆ ಅಪ್ಪನಿಗೆ ಏನೋ ಆಗಿಬಿಡುತ್ತದೆ ಎಂಬ ಭಯ ಅವಳಿಗಿತ್ತೆಂದು ನಮಗೆ ತಿಳಿದದ್ದು ಎಷ್ಟೋ ಕಾಲದ ನಂತರ. ಆಗ ನಮಗೆ ಕಾಣುತ್ತಿದ್ದದ್ದು ಹಟ, ಮಡಿ, ಸೋಮಾರಿತನ. ಕೈಗಳು ಕೆಂಪಾಗಿ ಬಿರಿದದ್ದಕ್ಕೆ ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ನಮ್ಮತ್ತೆ ದಾರ ಮಂತ್ರಿಸಿಕೊಂಡು ಬಂದು ಕಟ್ಟಿದರು. ಶಾಲೆ ತಪ್ಪಿತು. ಒಂದು ಸಂಜೆ ಯಜಮಾನರು ಸಿಟ್ಟಿಗೆ ಮಹಡಿ ಹತ್ತಿ ಟ್ಯಾಂಕಿನ ವಾಲ್ವನ್ನೇ ತಿರುಗಿಸಿ ನೀರು ನಿಲ್ಲಿಸಿ ಬಂದರು. ಮಗಳು ಬಚ್ಚಲಲ್ಲಿ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಕೂತಿದ್ದಳು. ಸೋಪಿನ ನೊರೆ ಅವಳ ಕೈಮೇಲೆಯೇ ಒಣಗಿತು. ಅವಳು ಅಳಲಿಲ್ಲ. ಅತ್ತಿದ್ದರೆ ನಮಗೂ ಸಮಾಧಾನ ಮಾಡುವುದಕ್ಕೆ ಒಂದು ದಾರಿ ಇರುತ್ತಿತ್ತು.

ಆ ಹೆಂಗಸು ಬಂದದ್ದು ಆ ದಿನಗಳಲ್ಲಿ. ವಿರೂಪಾಕ್ಷಿಪುರದ ಕಡೆಯವರು, ಕುರಿ ಸಾಕುವ ಮನೆತನ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬಹುದು. ಮಗಳಿಗೆ ಕನಕಪುರದ ಕಡೆ ಗಂಡು ನಿಶ್ಚಯವಾಗಿದೆ, ಮದುವೆಯ ಬ್ಲೌಸುಗಳು ಚೆನ್ನಾಗಿ ಬರಬೇಕು ಎಂದು ಸೀರೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಮಗಳು ಏನೋ ಕೇಳಲು ಬಂದು ಬಾಗಿಲಲ್ಲಿ ನಿಂತಳು, ಅವರನ್ನು ನೋಡಿ ಒಳಗೆ ಹೋದಳು.

"ಮಗೀನ ಕೈ ಯಾಕವ್ವ ಅಂಗಾಗೈತೆ?"

"ಅಲರ್ಜಿ ಅಕ್ಕ."

ಅವರು ಸೀರೆಯನ್ನು ನಿಧಾನಕ್ಕೆ ಮಡಿಚಿದರು. "ತುಂಬ ತೊಳೀತಾಳಾ?"

ನಾನು ಟೇಪನ್ನು ಬೆರಳಿಗೆ ಸುತ್ತತೊಡಗಿದೆ.

"ನನ್ ಮಗಂದು ಬೇರೆ ತರ," ಎಂದರು. "ಯಾರೋ ಬೈತಾವ್ರೆ, ಯಾರೋ ಬೈತಾವ್ರೆ ಅಂತ ಕಿವಿ ಮುಚ್ಕತಿದ್ದ. ನಾವು ಸುತ್ತದ ಗುಡಿ ಇಲ್ಲ. ಮನ್ಸಿನ ಡಾಕ್ಟ್ರತ್ರ ಹೋಗೋವೊತ್ಗೆ ಅವ್ನ ಓದೆಲ್ಲ ಮುಗ್ದೋಗಿತ್ತು. ಈಗ ಮಾತ್ರೆ ತಗತಾನೆ, ಕುರಿ ನೋಡ್ಕತಾನೆ, ಚೆಂದಾಗವ್ನೆ. ಆದ್ರೂ ಒಸಿ ಮುಂಚೆ ಹೋಗಿದ್ರೆ ಅಂತ ಅನ್ಕಳದೆ ಇರೋ ದಿನ ಇಲ್ಲ ಕಣವ್ವ."

ಮದುವೆಯ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಗುರುತಿಲ್ಲದ ಒಬ್ಬ ದರ್ಜಿ ಹೆಂಗಸಿನ ಮುಂದೆ ತನ್ನ ಮನೆಯ ಸಂಕಟವನ್ನು ಅವರು ಹೀಗೆ ಬಿಚ್ಚಿಟ್ಟರು. ನಾನು ಅಳತೊಡಗಿದೆ. ನನ್ನ ಅತ್ತೆ, ನನ್ನ ತಂಗಿ, ಯಾರ ಮುಂದೆಯೂ ಆವರೆಗೆ ಅತ್ತಿರಲಿಲ್ಲ.

ರಾಮನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಇರುತ್ತಾರೆಂದು ಅವರೇ ಹೇಳಿದರು. "ಮೊದ್ಲು ನೀನೊಬ್ಳೇ ಬಾ. ಮಗೀನ ಆಮ್ಯಾಕೆ ಕರ್ಕಂಡ್ ಬರೀವಂತೆ. ನೀನೇ ಹೆದ್ರಕಂಡ್ರೆ ಅವ್ಳೆಂಗ್ ಬಂದಾಳು? ನಾನೂ ಬತ್ತೀನಿ."

ಆಸ್ಪತ್ರೆಯ ಆವರಣದಲ್ಲಿ ಒಂದು ಹೊಂಗೆಮರವಿತ್ತು. ಅದರ ಸುತ್ತ ಸಿಮೆಂಟಿನ ಕಟ್ಟೆ. ಸರದಿಗಾಗಿ ಕಾಯುತ್ತ ಕಾಯುತ್ತ ಪರಿಚಯವಾದ ಕೆಲವು ತಂದೆ ತಾಯಿಯರು ಅಲ್ಲಿ ಕೂರುತ್ತಿದ್ದರು. ಅವರದ್ದೊಂದು ಸಂಘವಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಒಬ್ಬರು ಬುತ್ತಿ ಬಿಚ್ಚಿದರೆ ಇನ್ನೊಬ್ಬರಿಗೂ ಕೈತುತ್ತು ಸಿಗುತ್ತಿತ್ತು. ಹೊಸಬರು ಯಾರಾದರೂ ಗೇಟಿನ ಬಳಿ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರೆ ನನ್ನನ್ನು ಕರೆತಂದ ಅಕ್ಕ ಎದ್ದು ಹೋಗುತ್ತಿದ್ದರು. ಏನು ಕಾಯಿಲೆ ಎಂದು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ತಮ್ಮ ಮಗನ ಕಥೆಯನ್ನು ಹೇಳುತ್ತಿದ್ದರು, ಅಷ್ಟೆ. ಅದನ್ನು ಕೇಳಿದವರು ತಮ್ಮದನ್ನು ತಾವೇ ಹೇಳುತ್ತಿದ್ದರು.

ನನಗೆ ಧೈರ್ಯ ಬಂತು. ಯಜಮಾನರು ಒಪ್ಪಲಿಲ್ಲ. ಅದನ್ನು ಅಕ್ಕನಿಗೆ ಹೇಳಿದಾಗ ಅವರು, ಕಟ್ಟೆಗೆ ಬರುತ್ತಿದ್ದ, ಮಾಗಡಿ ತಾಲ್ಲೂಕಿನ ಕಲ್ಯದ ರೈತರೊಬ್ಬರಿಗೆ ವಿಷಯ ಮುಟ್ಟಿಸಿದರು. ಅವರ ಮಗನಿಗೂ ಅಲ್ಲೇ ಚಿಕಿತ್ಸೆ ನಡೆಯುತ್ತಿತ್ತು. ಅವರು ಬಿಡದಿಗೆ ಬಂದು, ಕೆಲಸ ಮುಗಿಸಿ ಹೊರಬಂದ ನಮ್ಮವರನ್ನು ತಟ್ಟೆ ಇಡ್ಲಿ ಹೋಟೆಲಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ನಡೆದ ಮಾತನ್ನು ಯಜಮಾನರು ಎಷ್ಟೋ ದಿನದ ಮೇಲೆ ನನಗೆ ಹೇಳಿದರು.

"ಮಾತ್ರೆ ಕೊಡ್ಸುದ್ರೆ ಜನ ಹುಚ್ಚಿ ಅಂತಾರೆ ಅಣ್ಣ. ನಾಳೆ ಮದ್ವೆ ಆಗ್ಬೇಕಾದ ಹುಡ್ಗಿ," ಎಂದಿದ್ದರು ಇವರು.

"ನಾನೂ ಅದ್ನೇ ಅಂದ್ಕಂಡು ಕೂತಿದ್ದೆ ಕಣಪ್ಪ. ನಮ್ ಹುಡ್ಗ ಮೂಲೆ ಹಿಡ್ದೋನು ಏಳ್ಲೇ ಇಲ್ಲ. ಜನ ಏನಂತಾರೋ ಅಂತ ಕಾದೆ. ಆ ಜನ ಒಬ್ರೂ ಬಂದು ಅವ್ನಿಗೊಂದು ತುತ್ತು ಉಣ್ಸಲಿಲ್ಲ."

ಅವತ್ತು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಇವರು "ಯಾವತ್ತು ಹೋಗ್ಬೇಕು ಹೇಳು, ರಜ ಹಾಕ್ತೀನಿ" ಎಂದರು.

ಡಾಕ್ಟರು ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಇದು ಹಟವಲ್ಲ, ಕಾಯಿಲೆ. ಇದಕ್ಕೆ ಔಷಧಿಯೂ ಇದೆ, ಅಭ್ಯಾಸವೂ ಇದೆ ಎಂದರು. ಅವಳು ಕೇಳುವ ಆ ಪ್ರಶ್ನೆಗೆ ಇನ್ನು ಮೇಲೆ ಉತ್ತರ ಕೊಡಬೇಡಿ ಎಂದು ನನಗೆ ಹೇಳಿದರು. ನಾನು ಕೊಡುತ್ತಿದ್ದ ಸಮಾಧಾನದ ಮಾತಿನಿಂದಲೇ ಭಯಕ್ಕೆ ಮೇವು ಸಿಗುತ್ತಿತ್ತಂತೆ. ಚಿಲಕ ಮುಟ್ಟಿ, ಕೈ ತೊಳೆಯದೆ ಸ್ವಲ್ಪ ಹೊತ್ತು ಕೂರುವುದು, ಆಮೇಲೆ ಇನ್ನಷ್ಟು ಹೊತ್ತು ಕೂರುವುದು. ಅವಳು ನಡುಗುತ್ತ ಕೂತಿರುವಾಗ ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿರಬೇಕಿತ್ತು. ಆ ದಿನಗಳಲ್ಲಿ ಫೋನು ಮಾಡಿದರೆ ಅಕ್ಕ ಎಲ್ಲಿದ್ದರೂ ಎತ್ತುತ್ತಿದ್ದರು. ಹಿಂದುಗಡೆ ಕುರಿಗಳ ಕೂಗು ಕೇಳಿಸುತ್ತಿತ್ತು. ಮಗಳು ಮಾರನೆಯ ವರ್ಷ ಶಾಲೆಗೆ ಹೋದಳು. ತನ್ನ ಜೊತೆಯವರಿಗಿಂತ ಒಂದು ವರ್ಷ ಹಿಂದೆ ಬಿದ್ದಳು, ಆದರೂ ಹತ್ತನೇ ತರಗತಿ ಮುಗಿಸಿದಳು.

ನಮ್ಮ ಮನೆ ಹೀಗೆ ಸುಧಾರಿಸಿಕೊಳ್ಳುತ್ತಿದ್ದಾಗಲೇ ಅಕ್ಕನ ಮನೆಯಲ್ಲಿ ಮದುವೆ ಮುರಿಯಿತು.

ಯಾರೂ ಕೆಡುಕು ಬಯಸಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡುವುದು. ಕನಕಪುರದ ಕಡೆಯ ಒಬ್ಬ ತಾಯಿ ತನ್ನ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದಳು. ಅಕ್ಕ ಎಂದಿನಂತೆ ಅವಳ ಪಕ್ಕ ಕೂತು ಮಗನ ಕಥೆ ಹೇಳಿದ್ದರು. ಆ ತಾಯಿ ಊರಿಗೆ ಹೋಗಿ ನೆಂಟರ ಮನೆಯಲ್ಲಿ ಅಕ್ಕನನ್ನು ಹೊಗಳಿದಳು. ಎಂಥಾ ಒಳ್ಳೆಯ ಹೆಂಗಸು, ವಿರೂಪಾಕ್ಷಿಪುರದವರಂತೆ, ಮಗನಿಗೆ ಹಾಗಿದ್ದರೂ ನನಗೆ ಎಷ್ಟು ಧೈರ್ಯ ಹೇಳಿದರು ಎಂದಳು. ಆ ಹೊಗಳಿಕೆ ಗಂಡಿನ ಮನೆಯನ್ನು ತಲುಪಿತು. ಹುಡುಗಿಯ ಅಣ್ಣನಿಗೆ ತಲೆ ಸರಿಯಿಲ್ಲವಂತೆ, ನಾಳೆ ಹುಟ್ಟುವ ಮಕ್ಕಳಿಗೂ ಬಂದರೆ ಎಂದು ಮಾತು ಬೆಳೆದು, ಕೊನೆಗೆ ಸಂಬಂಧ ಬೇಡವೆಂದರು.

ಅಕ್ಕ ಕಟ್ಟೆಗೆ ಬರುವುದನ್ನು ನಿಲ್ಲಿಸಿದರು. ಫೋನು ಅವರ ಯಜಮಾನರ ಕೈ ಸೇರಿತು. ನಾನು ಹೊಲಿದಿಟ್ಟಿದ್ದ ಬ್ಲೌಸುಗಳನ್ನು ಯಾರೋ ನೆಂಟರ ಹುಡುಗ ಬಂದು ತೆಗೆದುಕೊಂಡು ಹೋದ.

ಕೆಲವು ತಿಂಗಳ ನಂತರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅಕ್ಕ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟು "ಬಾರವ್ವ" ಎಂದರು. ಮಗ ಕುರಿ ಹೊಡೆದುಕೊಂಡು ಬಂದ. ಎತ್ತರದ, ಮೆದು ಮಾತಿನ ಯುವಕ. ಅಷ್ಟು ಸಲ ಅವನ ಕಥೆ ಕೇಳಿದ್ದ ನಾನು ಅವನನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನನಗೆ ನೀರು ತಂದುಕೊಟ್ಟು ಹಿತ್ತಲಿಗೆ ಹೋದ.

"ಮಗಳೆಲ್ಲಿ ಅಕ್ಕ?"

"ಬಿಡದೀಲಿ ಕೆಲ್ಸಕ್ಕೋಯ್ತಾಳೆ. ಅಲ್ಲೇ ರೂಮು ಮಾಡ್ಕಂಡವ್ಳೆ." ಮೊರವನ್ನು ಮತ್ತೆ ಕೈಗೆತ್ತಿಕೊಂಡು ಅಂದರು: "ಹೋಗೋ ದಿನ ಒಂದ್ ಮಾತಂದ್ಲು. ಊರೋರ್ ಮಕ್ಳಿಗೆಲ್ಲ ದಾರಿ ತೋರುಸ್ದೆ, ನಂದೇನಾಗ್ತದೆ ಅಂತ ಒಂದ್ ದಪನಾದ್ರೂ ಅಂದ್ಕಂಡ್ಯಾ ಅಂದ್ಲು."

"ನಮ್ಗೆಲ್ಲ ಹೇಳಿದ್ದಕ್ಕೆ ಬೇಜಾರಾಗೈತಾ ಅಕ್ಕ?" ಎಂದು ಕೇಳಿದೆ.

"ನಿಮ್ಗೇಳಿದ್ದಕ್ಕೆ ಇಲ್ಲ ಕಣವ್ವ. ನಿನ್ ಮಗ್ಳು ಸ್ಕೂಲಿಗೋದ್ಲಲ್ಲ, ಅಷ್ಟ್ ಸಾಕು. ಆದ್ರೆ ಇವ್ಳ್ನ ಒಂದ್ ಮಾತು ಕೇಳ್ಬೇಕಿತ್ತು. ಮಗನ್ನೂ ಕೇಳ್ಬೇಕಿತ್ತು. ಕಥೆ ನಂದು ಅಂತ್ಲೇ ಅಂದ್ಕಂಡಿದ್ದೆ. ಅದು ಅವ್ರದೂ ಆಗಿತ್ತು."

ಅದು ಹೌದೆನಿಸಿತು. ಆದರೆ ಅವರು ಎಲ್ಲರನ್ನೂ ಕೇಳಿಕೊಂಡು, ಒಪ್ಪಿಗೆ ಸಿಗುವವರೆಗೆ ಕಾಯುತ್ತಿದ್ದರೆ ಅಂದು ನನ್ನ ಅಂಗಡಿಯಲ್ಲಿ ಸೀರೆ ಮಡಿಚಿ ಸುಮ್ಮನೆ ಎದ್ದು ಹೋಗಿರುತ್ತಿದ್ದರು. ನನ್ನ ಮಗಳು ಆ ಬಚ್ಚಲಲ್ಲೇ ಉಳಿಯುತ್ತಿದ್ದಳು. ಇವೆರಡನ್ನೂ ಒಟ್ಟಿಗೆ ಯೋಚಿಸಿದರೆ ಇಂದಿಗೂ ನನಗೆ ನೆಮ್ಮದಿಯಿಲ್ಲ. ಬಸ್ಸು ಬರುವವರೆಗೂ ಅಕ್ಕ ನನ್ನ ಜೊತೆ ರಸ್ತೆಯಲ್ಲಿ ನಿಂತಿದ್ದರು. ಕಟ್ಟೆಯ ಬಗ್ಗೆ ಅವರು ಕೇಳಲಿಲ್ಲ, ಮತ್ತೆ ಬನ್ನಿ ಎಂದು ಕರೆಯುವ ಧೈರ್ಯ ನನಗೂ ಆಗಲಿಲ್ಲ.

ಈಗ ಆ ಕಟ್ಟೆಯ ಮೇಲೆ ನಾನು, ಕಲ್ಯದವರು, ಇನ್ನೊಂದಿಬ್ಬರು ಕೂರುತ್ತೇವೆ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಮಾತ್ರೆ ಕಡಿಮೆಯಾಗಿದೆ. ಅವಳನ್ನು ಕೇಳಿಯೇ ನಾನು ಹೊರಡುತ್ತೇನೆ. "ಕೈ ತೊಳೀತಿದ್ದೆ ಅಂತ ಹೇಳಮ್ಮ. ಏನೇನು ಯೋಚ್ನೆ ಬರ್ತಿತ್ತು ಅಂತ ಹೇಳ್ಬೇಡ," ಎಂದಿದ್ದಾಳೆ. ಕಟ್ಟೆಯ ಮೇಲೆ ಅಷ್ಟನ್ನೇ ಹೇಳುತ್ತೇನೆ; ಇಲ್ಲಿ ಬರೆದದ್ದಕ್ಕೆ ಅವಳ ಒಪ್ಪಿಗೆ ಪಡೆದಿದ್ದೇನೆ. ಎದುರಿಗಿದ್ದವರಿಗೆ ಅದು ಸಾಲದು ಎಂದು ಕೆಲವು ಸಲ ಗೊತ್ತಾಗುತ್ತದೆ. ಅವರು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಾರೆ. ಅಕ್ಕ ಅಲ್ಲಿದ್ದಿದ್ದರೆ ಅಂಥವರೂ ಕೂರುತ್ತಿದ್ದರು.

ಹೋದ ವಾರ ಮಾಗಡಿ ಕಡೆಯಿಂದ ಒಬ್ಬ ತಾಯಿ ಬಂದಿದ್ದಳು. ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ನೇರ ನಮ್ಮ ಬಳಿಗೇ ಬಂದಳು.

"ಇಲ್ಲಿ ವಿರೂಪಾಕ್ಷಿಪುರದಮ್ಮ ಅಂತ ಒಬ್ರು ಇರ್ತಾರಂತಲ್ಲ. ಅವ್ರನ್ನ ಮಾತಾಡ್ಸಿ ಹೋಗು, ಹೆದ್ರಿಕೆ ಹೋಯ್ತದೆ ಅಂದ್ರು ನಮ್ಮೂರೋರು. ಅವ್ರು ನೀವೇನಾ?"

"ನಾನಲ್ಲವ್ವ," ಎಂದೆ. "ಅವ್ರು ಈಗ ಬರಲ್ಲ." ಕಲ್ಯದವರು ಪಕ್ಕಕ್ಕೆ ಸರಿದು ಅವಳಿಗೂ ಹುಡುಗನಿಗೂ ಜಾಗ ಮಾಡಿಕೊಟ್ಟರು.