ಅಂಗಳದ ಕಂಬ ಮತ್ತು ಕರೆಂಟಿನವನು

ನನಗಾಗ ಹದಿನೇಳು, ಹೊಸ ಸೊಸೆ. ಅರವತ್ತು ವರ್ಷದ ಮೇಲಾಯಿತು. ಕರೆಂಟಿನವನ ಬಲಗಣ್ಣಿನ ಹುಬ್ಬು ಸುಟ್ಟುಹೋಗಿ ಅಲ್ಲಿ ಬರೀ ನುಣ್ಣನೆಯ ಚರ್ಮವಿತ್ತು. ಬೈಯುವಾಗಲೂ ನಗುತ್ತಿರುವಂತೆ ಕಾಣುವ ಮುಖ. ಅಂಥ ಮುಖವನ್ನು ನಾನು ನಂಬುವವಳಲ್ಲ.

ಇಂಗ್ಲಿಷರು ಹೋಗಿ ವರ್ಷವಾಗಿತ್ತಷ್ಟೆ. ಕುಂದಾಪುರ ಪೇಟೆಗೆ ಹೊಸದಾಗಿ ಕರೆಂಟು ಬಂದಿತ್ತು. ಬೆಳಕು ಸಾಹುಕಾರರ ಮನೆಗೆ, ಕಂಬ ಹೊಳೆದಂಡೆಯ ನಮ್ಮ ಅಂಗಳದಲ್ಲಿ. ತಂತಿ ನೋಡಿಕೊಳ್ಳುವ ಕೆಲಸ ಅವನದು. ಮಳೆಗಾಲಕ್ಕೆ ಮುಂಚೆ ಕತ್ತೆತ್ತಿ ಮರಗಳನ್ನೇ ನೋಡುತ್ತಾ ತಿರುಗುತ್ತಿದ್ದ. ಎಳನೀರು ಕದಿಯಲಿಕ್ಕೆ ಎಂದುಕೊಂಡಿದ್ದೆ. ಒಂದು ದಿನ, ತಂತಿಯ ಕಡೆ ಬಾಗಿದ್ದ ನಮ್ಮ ತೆಂಗನ್ನು ಕಡಿಸಿಯೇಬಿಟ್ಟ. ನಾವು ಮೀನು ಹಿಡಿಯುವವರು. ಗಾಳಿ ಎದ್ದರೆ ದೋಣಿ ಕಟ್ಟುತ್ತಿದ್ದುದು ಅದೇ ಮರಕ್ಕೆ.

“ಇನ್ ದೋಣಿ ಎಂತಕ್ಕೆ ಕಟ್ಟುದಾ ಮಾರಾಯಾ, ನಿನ್ನ್ ಹುಬ್ಬಿಗಾ?” ಎಂದರು ಅತ್ತೆ.

“ಎಲ್ಲಿಗಾರೂ ಕಟ್ಟಿ ಅಕ್ಕಾ, ಕಂಬಕ್ಕ್ ಮಾತ್ರ ಬ್ಯಾಡ.”

ಅವನು ಬೇಡ ಎಂದ ಮೇಲೆ ಅದೇ ಗಟ್ಟಿ ಇರಬೇಕೆಂದು ಕಂಬಕ್ಕೇ ಕಟ್ಟಿದೆವು.

ಆಸಾಡಿಯ ಒಂದು ಮಧ್ಯಾಹ್ನ ಗಾಳಿ ಬಂತು. ಹೊಳೆ ಅಂಗಳಕ್ಕೆ ಏರಿತು. ದೋಣಿ ಜಗ್ಗಿದ ಹೊಡೆತಕ್ಕೆ ಕಂಬ ವಾಲಿ, ತಂತಿ ಹರಿದು ನೀರಿಗೆ ಬಿತ್ತು. ನನ್ನ ಗಂಡ ಇನ್ನೊಂದು ಹಗ್ಗ ಹಿಡಿದು ಜಗಲಿ ಇಳಿಯಲು ಹೊರಟರು. ಆಗ ಓಣಿಯ ತುದಿಯಿಂದ ಕರೆಂಟಿನವನ ಕೂಗು:

“ಹ್ವಾಯ್! ಇಳಿಬೇಡಿ, ನೀರಗೆ ಕರೆಂಟ್ ಇತ್ತ್! ಬಂದ್ ಮಾಡಿ ಬತ್ತೆ!”

“ಸುಳ್ಳ್! ದೋಣಿ ಹೋಯ್ಲಿ, ಕಂಬ ಉಳಿಲಿ ಅಂದೇಳಿ ಹೆದ್ರಸ್ತಾ,” ಎಂದರು ಅತ್ತೆ. ನನಗೂ ಹಾಗೇ ಅನ್ನಿಸಿತು.

“ಇಳುದಾರೆ ನಿನ್ ಹೆಂಡ್ತಿ ಹತ್ರ ಕೇಂಡ್ಕಂಡ್ ಇಳಿಯಾ!” ಎಂದವನೇ ಕರೆಂಟು ಹುಟ್ಟುವ ಇಂಜಿನ್ ಮನೆಯ ಕಡೆ ಓಡಿದ.

ನಾನು ಗಂಡನ ಪಂಚೆ ಹಿಡಿದು ನಿಂತೆ. ಅವನನ್ನು ನಂಬಿ ಅಲ್ಲ. ದೋಣಿ ಇನ್ನೊಂದು ಮಾಡಿಸಬಹುದಿತ್ತು. ನೋಡುತ್ತಿದ್ದಂತೆ ಹಗ್ಗ ತುಂಡಾಗಿ, ದೋಣಿ ಹೊಳೆ ಕಡಲು ಸೇರುವ ಅಳಿವೆಯ ಕಡೆ ಹೋಯಿತು.

ಅವನು ತೊಯ್ದು ತೊಪ್ಪೆಯಾಗಿ ವಾಪಸು ಬಂದ.

“ದೋಣಿ ಹೋಯ್ತಲಾ, ಸಮಾಧಾನ ಆಯ್ತಾ?” ಎಂದರು ಅತ್ತೆ.

ಅವನು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಆಯ್ತ್ ಅಕ್ಕಾ,” ಎಂದ.

ಅವನಿಗೆ ಬೇಕಿದ್ದುದು ನನ್ನ ಗಂಡನ ಜೀವವೋ ತನ್ನ ಕಂಬವೋ, ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೆಲವು ಮಳೆಗಾಲ ಕಳೆದು ಜ್ವರದಲ್ಲಿ ಸತ್ತನಂತೆ. ನನ್ನ ಗಂಡ ಮೊಮ್ಮಕ್ಕಳನ್ನು ಎತ್ತಿ ಆಡಿಸಿಯೇ ಹೋದರು.

ಆ ಗಾಳಿಯ ಮರುದಿನ ಬೆಳಿಗ್ಗೆ ನೀರು ಇಳಿದಿತ್ತು. ಅವನ ಮಾತು ಎಷ್ಟು ನಿಜ ನೋಡೋಣವೆಂದು ನಾನೇ ಮೊದಲು ಅಂಗಳಕ್ಕೆ ಇಳಿದೆ. ತಂತಿ ಬಿದ್ದಿದ್ದ ಹೊಂಡದಲ್ಲಿ ಮೀನು, ಕಪ್ಪೆ, ಒಂದು ಕೇರೆ ಹಾವು, ಎಲ್ಲ ಸತ್ತು ತೇಲುತ್ತಿದ್ದವು. ಮಗುಚಿ ಮಗುಚಿ ನೋಡಿದೆ, ಒಂದಕ್ಕೂ ಗಾಯವಿಲ್ಲ. ಅಷ್ಟನ್ನೂ ಬುಟ್ಟಿಗೆ ತುಂಬಿ, ಒಳಗೆ ಹೋಗಿ, ಅತ್ತೆಯ ಮುಂದೆ ಸುರಿದೆ.